ಅಳಿಯನ ಹೀಟರ್

5-1-92, ಗಾಜುವಾಕ, ವೈಜಾಗ್. ಸಂಜೆ

ಡ್ಯೂಟಿಯಿಂದ ಬಂದವನು ಯೂನಿಫಾರ್ಮ್ ಕೂಡ ಬಿಚ್ಚಲಿಲ್ಲ. ಸೀದಾ ಅಡುಗೆಮನೆಗೆ. ಸ್ಟೌ ಮೇಲೆ ಪಾತ್ರೆ, ನೀರಿನಲ್ಲಿ ಎರಡು ಟೆಂಪರೇಚರ್ ಸೆನ್ಸರ್, ಪಕ್ಕಕ್ಕೆ ವರ್ಕ್‌ಶಾಪಿನಿಂದ ಕೇಳಿ ತಂದ ಥರ್ಮಾಮೀಟರ್. ಎರಡೂ ಸರಿಯಾಗಿ ತೋರಿಸುತ್ತಿವೆ. ಹೆಂಡತಿ ಭವಾನಿ ಬಂದು ನೋಡಿದಳು.

"ಅಯ್ಯೋ ರಾಮಾ, ಅದು ಹಾಲಿನ ಗಿನ್ನೆ ಕದಂಡೀ! ನಾಳೆ ಕಾಫಿಯಲ್ಲಿ ಗ್ರೀಸ್ ತೇಲುತ್ತೆ."

ಎಲ್ಲ ನನ್ನ ಬಾಯಿಯ ತಪ್ಪು. ದಸರಾಕ್ಕೆ ವಿಜಯವಾಡಕ್ಕೆ ಹೋದಾಗ ಮಾವ ದುರ್ಗಾಪ್ರಸಾದ್ ತಮ್ಮ ಹಳೇ ಲಾರಿ ತೋರಿಸಿದರು. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಕೊಂಡದ್ದು, ಅವರ ಟ್ರಾನ್ಸ್‌ಪೋರ್ಟ್ ಕಂಪನಿಯ ಮೊದಲ ಗಾಡಿ. ಜನವರಿ 26ರ ಮೆರವಣಿಗೆಯಲ್ಲಿ ವರ್ಷಕ್ಕೊಮ್ಮೆ ತಾವೇ ಓಡಿಸುತ್ತಾರೆ. ಕಳೆದ ಸಲ ಬೆಳಗ್ಗೆ ಸ್ಟಾರ್ಟೇ ಆಗಲಿಲ್ಲವಂತೆ. ಡ್ರೈವರ್ ಜಗನ್ಮೋಹನ್ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸುಸ್ತು, ಸುತ್ತ ನಿಂತವರೆಲ್ಲ ನಗು. ನಾನು ಸುಮ್ಮನಿರಬೇಕಿತ್ತು. ಬಡಾಯಿ ಕೊಚ್ಚಿದೆ — "ಹಡಗಿನಲ್ಲಿ ತಣ್ಣಗಿರೋ ಎಂಜಿನ್ ಯಾರೂ ಸ್ಟಾರ್ಟ್ ಮಾಡಲ್ಲ ಮಾವ. ಮೊದಲು ಅದರ ನೀರು ಬಿಸಿ ಮಾಡ್ತೀವಿ. ನಿಮ್ಮದಕ್ಕೂ ಹೀಟರ್ ಹಾಕಿ ಕೊಡ್ತೀನಿ."

ವಿಜಯವಾಡದಲ್ಲಿ ಹೀಟರ್! ಅಲ್ಲಿ ಸಂಕ್ರಾಂತಿಗೂ ಫ್ಯಾನ್ ಬೇಕು.

ಅದಕ್ಕಿಂತ ದೊಡ್ಡ ವಿಷಯ... ನಾನು ವೈರಿನ ಮನುಷ್ಯ. ನೇವಿಯಲ್ಲಿ ಎಲೆಕ್ಟ್ರಿಕಲ್. ಎಂಜಿನ್ ರೂಮಿಗೆ ಹೋಗುವುದು ಅಲ್ಲಿ ಬಲ್ಬ್ ಹೋದಾಗ. ಮಾವನ ಮನೆಯಲ್ಲಿ ಅದು ಯಾರಿಗೂ ಗೊತ್ತಿಲ್ಲ. ನಾನೂ ಹೇಳಿಲ್ಲ.

13-1-92, ದುವ್ವಾಡ ಸ್ಟೇಷನ್

ರೈಲು ಲೇಟ್. ಭವಾನಿಗೆ ನಿದ್ದೆ. ಬ್ಯಾಗಿನಲ್ಲಿ ಹೀಟರ್, ಮೀಟರ್, ಸೆನ್ಸರುಗಳು. ಬೆಂಚಿನ ಮೇಲಿದ್ದ ಒಬ್ಬರು ಕೇಳಿದರು, ನೇವಿಯಲ್ಲಿ ಎಂಜಿನಿಯರಾ? ಅಂತ. ತಲೆಯಾಡಿಸಿದೆ. ಯಾಕೆ ಆಡಿಸಿದೆನೋ. ಅವರು ಇನ್ನೊಮ್ಮೆ ಸಿಗುವವರೂ ಅಲ್ಲ.

15-1-92, ವಿಜಯವಾಡ. ಸಂಕ್ರಾಂತಿ, ಮಧ್ಯಾಹ್ನ

ನಿನ್ನೆ ಭೋಗಿಯ ಗಲಾಟೆಯ ನಡುವೆಯೇ ಹೀಟರ್ ಕೂಡಿಸಿದೆವು, ನಾನು ಮತ್ತು ಜಗನ್. ಎಂಜಿನ್ನಿನ ಹಿಂಭಾಗದಲ್ಲಿ ಒಂದು ಬಿರಡೆ ತೆಗೆದು ಆ ತೂತಿಗೆ. ಜಗನ್‌ಗೆ ಅರವತ್ತರ ಮೇಲೆ. ಆ ಎಂಜಿನ್ ಮೇಲೆ ಕೈಯಿಡುವ ಮೊದಲು ಕೈ ಒರೆಸಿಕೊಳ್ಳುತ್ತಾನೆ.

ಪ್ಲಾನ್ ಹೀಗೆ. ಒಂದು ಸೆನ್ಸರ್ ಮುಂದೆ, ರೇಡಿಯೇಟರ್ ಕಡೆ. ಇನ್ನೊಂದು ಹಿಂದೆ, ಹೀಟರಿನ ಹತ್ತಿರ. ಮುಂದಿನದು ಇವತ್ತು ನಿಂತುಕೊಂಡೇ ಹಾಕಿದೆ. ಹಿಂದಿನದಕ್ಕೆ ಲಾರಿ ಕೆಳಗೆ ಮಲಗಬೇಕು. ಅಷ್ಟರಲ್ಲಿ ಅತ್ತೆ ಅಕ್ಕಮ್ಮ ಬಂದರು. ಬಳ್ಳಾರಿಯವರು, ಇಲ್ಲಿಗೆ ಮದುವೆಯಾಗಿ ಬಂದು ಅರ್ಧ ತೆಲುಗಾಗಿದ್ದಾರೆ.

"ಅಲ್ಲುಡುಗಾರೂ, ಹೊಸ ಪಂಚಿ ಉಟ್ಗೊಂಡು ಲಾರಿ ಕೆಳಗ ಮಲಗ್ತೀರೇನು? ಹಬ್ಬದ ದಿನ ಅಳಿಯನ ಬಟ್ಟಿಗೆ ಮಸಿ ಹತ್ತಿದ್ರ ನೋಡಿದೋರು ಏನಂತಾರ? ಏಳ್ರಿ, ಊಟಕ್ಕ ಕೂಡ್ರಿ!"

ಹಬ್ಬಕ್ಕೆ ಬಂದ ಅಳಿಯ ಈ ಮನೆಯಲ್ಲಿ ಕುಡಿಯುವ ನೀರನ್ನೂ ತಾನೇ ತೆಗೆದುಕೊಳ್ಳುವ ಹಾಗಿಲ್ಲ. ಬಟ್ಟೆ ಬದಲಿಸಿ ಬರುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಬೊಬ್ಬಟ್ಟಿನ ವಾಸನೆ ಬರುತ್ತಿತ್ತು, ನಿಜ ಹೇಳಬೇಕೆಂದರೆ. "ಒಂದು ಸಾಕು ಜಗನ್" ಎಂದು ಎರಡನೆಯದನ್ನು ಬ್ಯಾಗಿಗೆ ಹಾಕಿದೆ. ಪರೀಕ್ಷೆಗೆಂದು ಹೀಟರ್ ಆನ್ ಮಾಡಿ ಕೈ ತೊಳೆಯಲು ಬಂದಿದ್ದೇನೆ. ಊಟಕ್ಕೆ ಕರೆಯುತ್ತಿದ್ದಾರೆ.

15-1-92, ರಾತ್ರಿ

ಎಲೆಯ ಮುಂದೆ ಕೂತಿದ್ದೆ. ಜಗನ್ ಬಾಗಿಲಲ್ಲಿ ಬಂದು ನಿಂತ. "ಅಲ್ಲುಡುಗಾರಂಡೀ, ಎಂಜಿನ್ ಹಿಂದೆ ಏನೋ ಗುಳುಗುಳು ಅಂತಿದೆ. ಹಬೆ ಕೂಡ ಬರ್ತಿದೆ."

"ಮೀಟರ್ ಎಷ್ಟಿದೆ?"

"ಮೂವತ್ತೈದಂಡೀ."

"ಹಾಗಾದ್ರೆ ಏನೂ ಇಲ್ಲ. ನೀರು ಕಡಿಮೆಯಾಗಿದ್ರೆ ಸುರಿ."

ಇಷ್ಟೇ. ಏಳಲಿಲ್ಲ. ಅತ್ತೆ ತುಪ್ಪ ಹಾಕುತ್ತಿದ್ದರು.

ಅವನು ಬಾವಿಯಿಂದ ಸೇದಿದ ನೀರು ಸುರಿದ. ಟಣ್ ಎಂದು ಸದ್ದು. ಊಟದ ಮನೆಗೂ ಕೇಳಿಸಿತು. ಹೋಗಿ ನೋಡಿದರೆ ಎಂಜಿನ್ ಬ್ಲಾಕಿನ ಹಿಂಭಾಗದಲ್ಲಿ ಉದ್ದಕ್ಕೆ ಬಿರುಕು, ಅಲ್ಲಿಂದ ನೀರು ತೊಟ್ಟಿಕ್ಕುತ್ತಿದೆ.

ಒಳಗೆಲ್ಲ ಹಳೇ ತುಕ್ಕಿನ ಕೆಸರು ಕಟ್ಟಿಕೊಂಡಿದೆ. ಹಡಗಿನಲ್ಲಿ ಬಿಸಿನೀರನ್ನು ಪಂಪು ತಿರುಗಿಸುತ್ತಲೇ ಇರುತ್ತದೆ, ಇಲ್ಲಿ ನಿಂತ ನೀರು. ಹಿಂದೆ ನೀರು ಕುದಿದು ಬತ್ತಿ ಕಬ್ಬಿಣ ಕಾದಿದೆ. ಮುಂದೆ ತಣ್ಣಗೇ ಇದೆ. ನನ್ನ ಮೀಟರ್ ಮುಂದಿನದನ್ನೇ ತೋರಿಸುತ್ತ ಕೂತಿತ್ತು. ಹಿಂದೆ ಇನ್ನೊಂದು ಸೆನ್ಸರ್ ಇದ್ದಿದ್ದರೆ ಸಾಕಿತ್ತು. ಊಟ ಬಿಟ್ಟು ಎದ್ದು ಹೋಗಿ ಮುಟ್ಟಿ ನೋಡಿದ್ದರೂ ಸಾಕಿತ್ತು.

ಮಾವ ಬಿರುಕಿನ ಮೇಲೆ ಬೆರಳಾಡಿಸಿದರು. ಆಮೇಲೆ ಜಗನ್ ಕಡೆ ತಿರುಗಿದರು. "ಕಾದ ಎಂಜಿನ್‌ಗೆ ತಣ್ಣೀರು ಸುರೀತಾರೇನಯ್ಯಾ? ಇಷ್ಟು ವರ್ಷ ಏನು ಕಲಿತೆ?"

ಜಗನ್ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ. ಸುಳ್ಳು. ಹೇಳುತ್ತಿರಲಿಲ್ಲ. ಕೈಗೆ ಇನ್ನೂ ತುಪ್ಪ ಅಂಟಿತ್ತು.

16-1-92

ಕನುಮ, ಸಂಕ್ರಾಂತಿಯ ಮಾರನೆಯ ಹಬ್ಬ. ಮನೆಯವರೆಲ್ಲ ನನ್ನನ್ನೇ ಸಮಾಧಾನ ಮಾಡುತ್ತಿದ್ದಾರೆ! ಹಬ್ಬದ ದಿನ ಪಾಪ ಅಲ್ಲುಡುಗಾರಿಗೆ ಬೇಜಾರಾಯಿತು ಅಂತ. ಅತ್ತೆ ದೃಷ್ಟಿ ತೆಗೆದರು, ಲಾರಿಗಲ್ಲ, ನನಗೆ. ಉಪ್ಪು ಮೆಣಸಿನಕಾಯಿ ಹಿಡಿದು ಅವರು ನಿವಾಳಿಸುವಾಗ ಕಣ್ಣು ಮುಚ್ಚಿಕೊಂಡೆ. ನಾಚಿಕೆಯಿಂದ ಸತ್ತೇ ಹೋಗುವ ಹಾಗಾಯಿತು.

ಜಗನ್ ಬಂದಿಲ್ಲ. ಇನ್ನು ಬರಬೇಡ ಎಂದಿದ್ದಾರಂತೆ ಮಾವ.

2-2-92, ಗಾಜುವಾಕ

ಇಷ್ಟು ದಿನ ಬರೆಯಲಿಲ್ಲ. 26ರಂದು ಮಾವ ಮೆರವಣಿಗೆಗೆ ಹೋಗಲೇ ಇಲ್ಲವಂತೆ. ಭವಾನಿ ಫೋನ್ ಮಾಡಿ ಬಂದು ಹೇಳಿದಳು. ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬಿಟ್ಟ ಸೆನ್ಸರ್, ಗುಳುಗುಳು, ತುಪ್ಪ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ನಾನ್ನಗಾರಿಗೆ ಹೇಳಿದಿರಾ, ಅಪ್ಪನಿಗೆ?"

"ಇಲ್ಲ."

"ಜಗನ್ ಮಾವಯ್ಯಗೆ?"

"ಇಲ್ಲ."

"ಮತ್ತೆ ನನಗೆ ಹೇಳಿ ಏನು ಬಂತಂಡೀ? ನಾನು ಸ್ಕೂಲಿಗೆ ಹೋಗಿದ್ದು ಅವರ ಪಕ್ಕದ ಸೀಟಿನಲ್ಲಿ ಕೂತು."

ಊಟ ಬಡಿಸಿದಳು.

22-2-92, ವಿಜಯವಾಡ. ಮಧ್ಯಾಹ್ನ

ರಜೆ ಹಾಕಿ ಒಬ್ಬನೇ ಬಂದೆ. ಮಾವನ ಆಫೀಸು ಗವರ್ನರ್‌ಪೇಟೆಯಲ್ಲಿ. ನನ್ನನ್ನು ಕಂಡು ಎದ್ದು ನಿಂತರು. ಅವರು ಏಳುತ್ತಾರಲ್ಲ, ಅದೇ ಸಹಿಸಲಾಗುವುದಿಲ್ಲ. ಕೂರುವ ಮೊದಲೇ ಹೇಳಿದೆ — ತಪ್ಪು ನನ್ನದು, ನೀರು ಸುರಿ ಎಂದವನು ನಾನು.

ಮಾವ ಫ್ಯಾನಿನ ಸ್ಪೀಡ್ ಜಾಸ್ತಿ ಮಾಡಿದರು. "ತೆಲುಸು ಬಾಬೂ. ಗೊತ್ತು ನನಗೆ. ಬಾಗಿಲಲ್ಲಿ ನೀವಿಬ್ಬರೂ ಮಾತಾಡಿದ್ದು ಪಕ್ಕದ ರೂಮಿಗೆ ಕೇಳಿಸಿತ್ತು."

"ಮತ್ತೆ ಅವನನ್ನು ಯಾಕೆ..."

"ಹಬ್ಬಕ್ಕೆ ಕರೆದ ಅಳಿಯನ ಮೇಲೆ ಮಾತು ಬರಬಹುದಾ? ಅಷ್ಟು ಜನರ ಮುಂದೆ? ಯಾರ ಮೇಲಾದರೂ ಹಾಕಬೇಕಿತ್ತು, ಹಾಕಿದೆ. ಜಗನ್ ಮನೆಯವನು, ಸಹಿಸಿಕೊಳ್ಳುತ್ತಾನೆ. ನೀವು ಹೊರಗಿನವರು."

ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷದ ಮರ್ಯಾದೆಯ ಅರ್ಥ ಇದಾ?

ಅವನನ್ನು ವಾಪಸ್ ಕರೆಯಿರಿ ಎಂದೆ. "ನೀವೇ ಹೋಗಿ ಕರೆಯಿರಿ" ಎಂದರು. ಅಡ್ರೆಸ್ ಹೇಳಿ ಫೈಲು ಎಳೆದುಕೊಂಡರು.

22-2-92, ಸಂಜೆ. ಗವರ್ನರ್‌ಪೇಟೆ, ಹೋಟೆಲಿನಲ್ಲಿ

ಹೋಗಿ ಬಂದೆ.

ಒಂದೇ ಕೋಣೆಯ ಮನೆ. ಜಗನ್ ಓಡಿ ಬಂದ. ಕುರ್ಚಿ ತಂದ, ಹೆಗಲಿನ ಟವೆಲಿನಿಂದ ಒರೆಸಿದ. ಹೆಂಡತಿಯನ್ನು ಸೋಡಾ ತರಲು ಕಳಿಸಿದ. ತಾನು ನೆಲದ ಮೇಲೆ ಕೂತ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

"ನಿದ್ದೆ ಬರಲ್ಲಂಡೀ. ನೀವು ಸುರಿ ಅಂದ್ರಿ, ನಿಜ. ಒಂದೇ ಸಲ ಸುರಿ ಅನ್ನಲಿಲ್ಲವಲ್ಲ. ನಾನೇ ಗಾಬರಿಯಲ್ಲಿ ಬಕೆಟ್ ಬಗ್ಗಿಸಿಬಿಟ್ಟೆ. ಅಷ್ಟು ಕಷ್ಟಪಟ್ಟು ವೈಜಾಗ್‌ನಿಂದ ಹೊತ್ತು ತಂದಿದ್ರಿ, ನನ್ನ ಕೈಯಲ್ಲಿ ಹಾಳಾಯ್ತು. ಕ್ಷಮಿಸಬೇಕು ಬಾಬೂ."

ಕೈ ಮುಗಿದ. ಕಣ್ಣಲ್ಲಿ ನೀರು.

ಅವನ ಮನಸ್ಸಿನಲ್ಲಿ ನನ್ನ ತಪ್ಪಿನ ಸುಳಿವೇ ಇಲ್ಲ. ನನ್ನ ತಪ್ಪು ಹೊತ್ತುಕೊಂಡಿದ್ದೇನೆ ಅಂತಲೂ ಅವನಿಗಿಲ್ಲ, ತನ್ನದೇ ಅಂದುಕೊಂಡಿದ್ದಾನೆ. ಇಷ್ಟು ದಿನವೂ.

ನಾನು ಏನು ಹೇಳಿದೆ? ಬರೆಯಲೇಬೇಕು. "ಹೋಗಲಿ ಬಿಡು ಜಗನ್. ಸೋಮವಾರದಿಂದ ಬಾ" ಎಂದೆ. ಅವನ ಭುಜ ತಟ್ಟಿದೆ ಕೂಡ.

ಕ್ಷಮಿಸಿದೆ. ನಾನು. ಅವನನ್ನು.

ಅವನ ಹೆಂಡತಿ ತಂದ ಸೋಡಾ ಪೂರ್ತಿ ಕುಡಿದು ಬಂದೆ.

ಕಾಫಿ ಆರಿದೆ. ಕುಡಿಯಲಾಗುತ್ತಿಲ್ಲ. ರಾತ್ರಿ ರೈಲಿಗೆ ಇನ್ನೂ ಹೊತ್ತಿದೆ. ರಸ್ತೆ ದಾಟಿದರೆ ಆಟೋ ಸ್ಟ್ಯಾಂಡ್. ವಾಪಸ್ ಹೋಗಬೇಕು. ಈ ಸಲ ಕೂರಬಾರದು. ಬಾಗಿಲಲ್ಲೇ ಹೇಳಬೇಕು, ಅವನ ಹೆಂಡತಿಗೂ ಕೇಳಿಸುವ ಹಾಗೆ. ಜಗನ್, ನೀನು ನಿಧಾನವಾಗಿ ಸುರಿದಿದ್ದರೂ ಅದು ಒಡೆಯುತ್ತಿತ್ತು. ನೀನು ಬಂದು ಕರೆದಾಗ ನಾನು ಊಟ ಬಿಟ್ಟು ಏಳಲಿಲ್ಲ. ನಾನು ಎಂಜಿನಿಯರ್ ಅಲ್ಲ. ನಾನು... ಸಾಕು ಬರೆದದ್ದು, ಏಳುತ್ತೇನೆ.