ದುಂಡಗಿದ್ದ ಮಸಿಕಣಗಳು

ಕುರುಮೆ, ಡಿಸೆಂಬರ್

ಚಿ. ಚಿಜುರುಗೆ ಅಜ್ಜಿಯ ಆಶೀರ್ವಾದ.

ನಿನ್ನ ಹೊಸ ಚಿತ್ರ ತಲುಪಿತು. ಮೊದಲಿನದರಲ್ಲಿ ನಮ್ಮ ಕಾರ್ಖಾನೆಯ ರಬ್ಬರಿಗೆ ಗಟ್ಟಿ ಬರಲೆಂದು ಬೆರೆಸುವ ಮಸಿಯ ಕಣಗಳು ಉದ್ದಕ್ಕೆ ಎಳೆದಂತಾಗಿ ಒಂದಕ್ಕೊಂದು ಅಂಟಿದಂತಿದ್ದವು. ತಾನು ಕಲಸಿದ್ದೇ ಕೆಟ್ಟಿತೆಂದು ನಿನ್ನ ಅಪ್ಪ ಕಲಸುವ ಯಂತ್ರದ ಹತ್ತಿರ ಹೋಗುವುದನ್ನೇ ಬಿಟ್ಟಿದ್ದ. ರಬ್ಬರಿನ ತೆಳು ಹಾಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೂರ್ತಿ ತಿರುಗಿಸಲಾಗದೆ ಹಾಗೆ ಕಂಡಿತ್ತು, ಈಗ ಚೂರನ್ನು ಸೂಜಿಯಂತೆ ಕೆತ್ತಿ ಸುತ್ತಲೂ ತಿರುಗಿಸಿ ಎಲ್ಲ ಕಡೆಯಿಂದ ಚಿತ್ರ ತೆಗೆದೆ ಎಂದು ಬರೆದಿದ್ದೀಯ. ಇದರಲ್ಲಿ ಕಣಗಳು ದುಂಡಗೆ, ಬಿಡಿಬಿಡಿಯಾಗಿವೆ.

“ಅಮ್ಮಾ, ನನ್ ಕೈ ಕೆಟ್ಟಿಲ್ಲ ನೋಡು!” ಅಂದ ನಿನ್ನ ಅಪ್ಪ.

“ನಿನ್ ಮಗಳ ಕಣ್ಣೂ ಕೆಟ್ಟಿಲ್ಲ. ಕೂತ್ಕೊಂಡು ಊಟ ಮಾಡು” ಅಂದೆ. ಉಂಡು ಮುಗಿಸಿ, ಇನ್ನಷ್ಟು ಬಡಿಸೆಂದು ಅನ್ನದ ಬಟ್ಟಲನ್ನು ಮತ್ತೆ ಮುಂದೆ ಚಾಚಿದ.

ಇನ್ನು ಮೇಲೆ ಪೂರ್ತಿ ತಿರುಗಿಸಿ ನೋಡದ ಚಿತ್ರವನ್ನು ಮನೆಗೆ ಕಳಿಸಬೇಡ. ಹೊಸ ವರ್ಷಕ್ಕೆ ಬಾ. ನಿನ್ನನ್ನು ಕರೆದುಕೊಂಡು ಬರಲು ನಿನ್ನ ಅಪ್ಪನೇ ನಿಲ್ದಾಣಕ್ಕೆ ಬರುತ್ತಾನಂತೆ. ನಾನು ಹೇಳಿಕೊಟ್ಟದ್ದಲ್ಲ.

ನಿನ್ನ ಅಜ್ಜಿ,
ಮಿಸಾವೊ