ಇವರ ರೇಜರ್

ಸೆಪ್ಟೆಂಬರ್ 9, ಮಂಗಳವಾರ

ಬ್ರೇಕಿನಲ್ಲಿ ಮೀಟಿಂಗ್. ಮ್ಯಾನೇಜರ್ ಡೆಕ್ಲನ್ ಟಿಲ್‌ನಲ್ಲಿ ಬಿಲ್ ಹಾಕುವ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ. ಸೂಪರ್‌ಮಾರ್ಕೆಟ್‌ಗಳಿಗೆ ಸಂಘಟಿತ ಗ್ಯಾಂಗ್ ಬಿದ್ದಿದೆಯಂತೆ. ರೇಜರ್, ವಿಸ್ಕಿ, ಮಾಂಸ, ಹೊಸ ಬಟ್ಟೆ — ಕದಿಯುವುದು ಇವನ್ನೇ, ಇದೇ ಗುರುತು. ಒಳಗಿನವರೂ ಶಾಮೀಲಂತೆ. ದೇಶದ ತುಂಬ ಪೊಲೀಸ್ ಕಾರ್ಯಾಚರಣೆ, ಮಂತ್ರಿ ಟಿವಿಯಲ್ಲಿ ಹೇಳಿದ್ದಾರೆ.

ಆಗಸ್ಟಿನಲ್ಲಿ ಫ್ರೀಜರ್ ಕೆಟ್ಟಾಗ ಮಾಂಸವನ್ನೆಲ್ಲ ಹಿಂದಿನ ಕಸದ ತೊಟ್ಟಿಗೆ ಸುರಿದೆವು. ನಾನೂ ಸುರಿದೆ. ಅದೂ ಈಗ ಗ್ಯಾಂಗಿನ ಲೆಕ್ಕಕ್ಕೆ ಹೋಯಿತು. ಟಿಲ್‌ನಲ್ಲಿ ಕೂತು ನಾನು ಕಂಡ ಕಳ್ಳರು — ಹಾಲುಪುಡಿ ಡಬ್ಬ ಕೋಟಿನೊಳಗೆ ಇಟ್ಟುಕೊಂಡ ಬಾಣಂತಿ, ಬೆಣ್ಣೆ ಕದ್ದ ಮುದುಕ. ಬಹಳ ಸಂಘಟಿತರು.

ಸೆಪ್ಟೆಂಬರ್ 17, ಬುಧವಾರ

ಭಾನುವಾರ ಮಹಾಲಯ ಅಮಾವಾಸ್ಯೆ. ಇವರು ಹೋಗಿ ವರ್ಷ ತುಂಬಿದ ಮೇಲೆ ಮೊದಲ ಎಡೆ. ಇಷ್ಟಪಟ್ಟದ್ದನ್ನೆಲ್ಲ ಇಡಬೇಕು. ಶಿಫ್ಟ್ ಮುಗಿಸಿ ಕೊಂಡೆ — ಒಂದು ಪುಟ್ಟ ವಿಸ್ಕಿ, ನೀಲಿ ಶರ್ಟ್, ರೇಜರ್. ರಿಂಗಾಸ್ಕಿಡಿಯ ಔಷಧಿ ಪ್ಲಾಂಟಿನ ಕೆಲಸಕ್ಕೆ ಒಂದು ದಿನವೂ ಶೇವ್ ಮಾಡದೆ ಹೋದವರಲ್ಲ.

ಡೆಕ್ಲನ್ ಬುಟ್ಟಿ ನೋಡಿ ಯಾರಿಗೆ ಅಂದ. ಗಂಡನಿಗೆ ಅಂದೆ. ಎಡೆಯ ಸಾಮಾನು ಕೊಳ್ಳುವಾಗ 'ಇದ್ದರು' ಅನ್ನಬಾರದು. ಹಾಗಂದರೆ ಹೋದವರು ಉಣ್ಣಲು ಬರುವುದಿಲ್ಲ.

ಇವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಡೆಕ್ಲನ್. ಬುಟ್ಟಿಯನ್ನೇ ನೋಡುತ್ತ ನಿಂತ.

ಸೆಪ್ಟೆಂಬರ್ 21, ಭಾನುವಾರ

ಇವರ ಫೋಟೋದ ಮುಂದೆ ಬಾಳೆ ಎಲೆಯಲ್ಲಿ ಅನ್ನ, ಮಟನ್, ಪಕ್ಕದಲ್ಲಿ ಕೊಂಡು ತಂದ ಮೂರನ್ನೂ ಎಡೆ ಇಟ್ಟು, ಊದುಬತ್ತಿ ಹಚ್ಚಿ, ಕೋಣೆಯ ಬಾಗಿಲು ಮುಚ್ಚಿ ಬಂದೆ. ಹೋದವರು ಬಂದು ಉಣ್ಣುವ ತನಕ ತೆಗೆಯುವ ಹಾಗಿಲ್ಲ. ನಾನೂ ಮಗಳು ನಿಖಿತಾನೂ ಮೆಟ್ಟಿಲ ಮೇಲೆ ಕೂತೆವು.

ಬೆಲ್ ಆಯಿತು. ಇಬ್ಬರು ಪೊಲೀಸರು. ಒಬ್ಬಳು ಹುಡುಗಿ, ಒಬ್ಬ ವಯಸ್ಸಾದವನು. ಅಂಗಡಿಯಿಂದ ದೂರು ಬಂದಿದೆಯಂತೆ. ಬಿಲ್ ತೋರಿಸಿದೆ. ಟಿಲ್‌ನಲ್ಲಿ ಕೂರುವವರಿಗೆ ಬಿಲ್ಲಿಗೇನು ಬರ ಅಂದ ಅವನು. ಮುಚ್ಚಿದ ಬಾಗಿಲು ನೋಡಿದ. ಈಗ ಬೇಡ, ನನ್ನ ಗಂಡ ಊಟ ಮಾಡುತ್ತಿದ್ದಾರೆ ಅಂದೆ. ಬಾಯಿಗೆ ಬಂದದ್ದೇ ಅದು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಹೀ ಈಸ್ ಡೆಡ್, ಲೈಕ್," ಅಂದಳು ನಿಖಿತಾ. "ಇಟ್ಸ್ ಜಸ್ಟ್ ಡ್ಯಾಡ್ಸ್ ಡಿನ್ನರ್."

ಬಾಗಿಲು ತೆಗೆದರು. ಅನ್ನದ ಮೇಲೆ ಇನ್ನೂ ಹಬೆ. ಹುಡುಗಿ ಫೋಟೋ ನೋಡಿ ಟೋಪಿ ತೆಗೆದಳು. ವಯಸ್ಸಾದವನು ಮೊಬೈಲ್ ತೆಗೆದು ಎಡೆಯ ಫೋಟೋ ಹೊಡೆದ. ಮಟನ್ ಬಿಟ್ಟು ಉಳಿದ ಮೂರನ್ನೂ ಚೀಲಕ್ಕೆ ಹಾಕಿಕೊಂಡರು. ಸುಮ್ಮನೆ ಚೆಕ್ ಮಾಡೋಕೆ, ವಾಪಸ್ ಬರುತ್ತೆ, ಗ್ರ್ಯಾಂಡ್ ಅಂದ — ಇಲ್ಲಿನವರ 'ಏನೂ ತೊಂದರೆಯಿಲ್ಲ'.

ಗ್ರ್ಯಾಂಡ್.

ಅಕ್ಟೋಬರ್ 3, ಶುಕ್ರವಾರ

ಮತ್ತೆ ಮೀಟಿಂಗ್. ಗೋಡೆಯ ಮೇಲೆ ಕಾರ್ಯಾಚರಣೆಯ ಫೋಟೋಗಳು. ವಶಪಡಿಸಿಕೊಂಡ ಮಾಲು. ಏಳನೆಯದೋ ಎಂಟನೆಯದೋ — ರೇಜರ್, ಪುಟ್ಟ ವಿಸ್ಕಿ, ನೀಲಿ ಶರ್ಟ್. ಮೂಲೆಯಲ್ಲಿ ಬಾಳೆ ಎಲೆಯ ತುದಿ. ಇವರ ಮುಖ ಕತ್ತರಿಸಿದ್ದಾರೆ.

ಇನ್ನಷ್ಟು ಪೊಲೀಸರು ಬರುತ್ತಾರಂತೆ. ಡೆಕ್ಲನ್ ನೆಲ ನೋಡುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಿದೆ.

ಅಕ್ಟೋಬರ್ 14

ಆ ಪೊಲೀಸ್ ಹುಡುಗಿಯೇ ಮೂರನ್ನೂ ತಂದುಕೊಟ್ಟಳು. ಏನೂ ತಪ್ಪಿಲ್ಲವಂತೆ. ಕಾರ್ಯಾಚರಣೆಯ ಫೋಟೋಗಳಿಂದ ನಮ್ಮದನ್ನು ತೆಗೆಸುತ್ತೀರಾ ಅಂದೆ. ಅದು ಡಬ್ಲಿನ್ನಿನವರ ಕೈಯಲ್ಲಿದೆ ಅಂದಳು.

ಶರ್ಟಿನ ಮಡಿಕೆ ಬಿಚ್ಚಿದ್ದಾರೆ. ಚೀಟಿ ಕಿತ್ತಿದ್ದಾರೆ. ರೇಜರ್ ಪ್ಯಾಕೆಟ್ ಒಡೆದಿದೆ. ಇನ್ನು ಯಾರ ಮುಂದೂ ಇಡುವ ಹಾಗಿಲ್ಲ.

ನಿಖಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುವವಳು.

"ಅಮ್ಮಾ, ಅವತ್ತು ಅಪ್ಪಂದು ಊಟ ಆಗಿತ್ತಾ? ಅವರು ಬಾಗ್ಲು ತೆಗ್ದಾಗ?"

ಆಗಿತ್ತು ಅಂದೆ. ಎಲೆಯ ಮೇಲಿನ ಅನ್ನ ಅವಳೂ ನೋಡಿದ್ದಳು. ಹಬೆ ಇನ್ನೂ ಆರಿರಲಿಲ್ಲ.