ಪ್ರಾರ್ಥನೆ ಹೆಸರಲ್ಲಿ ಆಡಿದ ಮಾತು

ಶೀಬಾ,

ನಿನ್ನ ರೂಮಿನ ಬಾಗಿಲು ತಟ್ಟೋ ಧೈರ್ಯ ಬರ್ಲಿಲ್ಲ, ಬರೆದಿಟ್ಟು ಹೋಗ್ತಿದ್ದೀನಿ. ಬಸ್ಸಾರು ಒಲೆ ಮೇಲಿದೆ, ಮುದ್ದೆ ಹಾಟ್‌ಬಾಕ್ಸಲ್ಲಿದೆ. ನನ್ನ ಮೇಲಿನ ಕೋಪಾನ ಊಟದ ಮೇಲೆ ತೋರಿಸ್ಬೇಡ. ರೇಷ್ಮೆಹುಳಕ್ಕೆ ಬೆಳಗಿನ ಸೊಪ್ಪು ಹಾಕಿದ್ದೀನಿ. ಮಧ್ಯಾಹ್ನದ ಸೊಪ್ಪು ಒದ್ದೆ ಗೋಣಿಚೀಲದ ಕೆಳಗಿದೆ.

ನೀನೂ ಜಯಕರನೂ ನಿಮ್ಮಿಬ್ಬರ ಮನಸ್ತಾಪಕ್ಕೆ ಪಾಸ್ಟರ ಹತ್ರ ಕೌನ್ಸೆಲಿಂಗಿಗೆ ಹೋಗ್ತಿರೋದನ್ನ ನನ್ನೊಬ್ಬಳಿಗೇ ನಂಬಿ ಹೇಳಿದ್ದೆ. ನಾನು ಚರ್ಚಿನ ಮಹಿಳಾ ಕೂಟದಲ್ಲಿ ಎದ್ದು ನಿಂತು, "ನನ್ನ ಮಗ ಸೊಸೆ ಬೇರೆ ಆಗದಂಗೆ ಪ್ರಾರ್ಥನೆ ಮಾಡಿ" ಅಂದ್ಬಿಟ್ಟೆ. ಪ್ರಾರ್ಥನಾ ವಿಷಯ ಅಂತ ಹೆಸರಿಟ್ಟು ಹೇಳಿದ್ರೆ ಅದು ಚಾಡಿ ಆಗಲ್ಲ ಅಂದ್ಕೊಂಡಿದ್ದೆ. ಭಾನುವಾರ ಆರಾಧನೆ ಮುಗಿದ್ಮೇಲೆ ಒಬ್ಬೊಬ್ಬರೂ ನಿನ್ನ ಕೈ ಹಿಡ್ಕೊಂಡು "ಧೈರ್ಯವಾಗಿರಮ್ಮ" ಅಂದಾಗ ನೀನು ನನ್ನ ಕಡೆ ತಿರುಗಿ ನೋಡಿದೆಯಲ್ಲ, ಆ ನೋಟ ಇನ್ನೂ ನನ್ನ ಬಿಟ್ಟಿಲ್ಲ.

ನಿನ್ನೆ ಪಾಸ್ಟರ ಮುಂದೆ ಕೂತು, "ದೇವರ ಹತ್ರ ಕ್ಷಮೆ ಕೇಳ್ಕೊಂಡಿದ್ದೀನಿ ಅಯ್ಯಾ" ಅಂದೆ. "ಸೊಸೆ ಹತ್ರ?" ಅಂದ್ರು. ದೇವರನ್ನ ಕೇಳೋದು ಸುಲಭ ಕಣಮ್ಮ, ಆತ ನಿನ್ನ ಥರ ಮುಖ ತಿರುಗಿಸ್ಕೊಂಡು ಒಳಗೆ ಹೋಗಲ್ಲ.

ಇವತ್ತು ಕೋಲಾರದಲ್ಲಿ ಮತ್ತೆ ಕೂಟ ಇದೆ. ನಿನ್ನ ಹೆಸರು ಎತ್ತಲ್ಲ. ನನ್ನ ನಾಲಿಗೆಗೋಸ್ಕರ ಪ್ರಾರ್ಥನೆ ಮಾಡಿ ಅಂತೀನಿ. ಯಾಕೆ ಅಂತ ಅವರು ಎಷ್ಟು ಕೆದಕಿದ್ರೂ ಬಾಯಿ ಬಿಡಲ್ಲ.

ಇಷ್ಟು ಬರೆದ್ರೂ ಕ್ಷಮಿಸು ಅಂತ ಬರೆದಿಲ್ಲ ನೋಡು. ಅದನ್ನ ಚೀಟೀಲಿ ಬರೆದು ತಪ್ಪಿಸ್ಕೊಳ್ಳಬಾರ್ದು. ಸಾಯಂಕಾಲ ಬಂದು ಬಾಗಿಲು ತಟ್ತೀನಿ. ತೆಗೆಯೋದು ಬಿಡೋದು ನಿನ್ನಿಷ್ಟ.

ಅತ್ತೆ